2255 ಅರ್ಜಿ ವಜಾ ಆದ ಮೇಲೆ: ಮರುಪರಿಶೀಲನೆಯೋ, ನೇರ ಮೇಲ್ಮನವಿಯೋ?

ಅಮೆರಿಕದ ಫೆಡರಲ್ ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯನ್ನು ಪ್ರಶ್ನಿಸಿ ಸೆಕ್ಷನ್ 2255ರಡಿ ಸಲ್ಲಿಸಿದ ಅರ್ಜಿಯನ್ನು ಜಿಲ್ಲಾ ನ್ಯಾಯಾಲಯ ವಜಾಗೊಳಿಸಿದರೆ, ಕೈದಿಯ ಮುಂದೆ ಮುಖ್ಯವಾಗಿ ಎರಡು ದಾರಿಗಳಿರುತ್ತವೆ.

ಸಿವಿಲ್ ನಿಯಮ 59(ಇ) ಪ್ರಕಾರ ಅದೇ ನ್ಯಾಯಾಧೀಶರಲ್ಲಿ ಮರುಪರಿಶೀಲನೆ ಕೋರಲು 28 ದಿನಗಳ ಗಡುವಿದ್ದು, ಅದನ್ನು ವಿಸ್ತರಿಸಲು ಅವಕಾಶವಿಲ್ಲ. ಸಕಾಲದಲ್ಲಿ ಸಲ್ಲಿಸಿದರೆ ಮೇಲ್ಮನವಿಯ ಅವಧಿ ಆ ಅರ್ಜಿ ತೀರ್ಮಾನವಾದ ಮೇಲೆಯೇ ಆರಂಭವಾಗುತ್ತದೆ. ಆದೇಶವು ಮುಖ್ಯ ವಾದವೊಂದನ್ನು ಗಮನಿಸದೇ ಬಿಟ್ಟಿದ್ದರೆ ಈ ದಾರಿ ಉಪಯುಕ್ತ; ಹೊಸ ವಾದಗಳಿಗೆ ಇಲ್ಲಿ ಜಾಗವಿಲ್ಲ.

ನೇರ ಮೇಲ್ಮನವಿಗೆ 60 ದಿನಗಳಿವೆ, ಆದರೆ ಮೇಲ್ಮನವಿಯ ನೋಟಿಸ್ ಒಂದೇ ಸಾಲದು: ಸಂವಿಧಾನದತ್ತ ಹಕ್ಕಿನ ನಿರಾಕರಣೆಯನ್ನು ಗಣನೀಯವಾಗಿ ತೋರಿಸಿ ಮೇಲ್ಮನವಿಯ ಅರ್ಹತಾ ಪ್ರಮಾಣಪತ್ರವನ್ನೂ (ಮೇಲ್ಮನವಿ ಮುಂದುವರಿಸಲು ನ್ಯಾಯಾಲಯ ಕೊಡುವ ಅನುಮತಿ) ಪಡೆಯಬೇಕು. ಗಡುವು ಮೀರಿದಂಥ ತಾಂತ್ರಿಕ ಕಾರಣಕ್ಕೆ ಅರ್ಜಿ ಬಿದ್ದಿದ್ದರೆ, ಅಮೆರಿಕದ ಸುಪ್ರೀಂ ಕೋರ್ಟ್‌ನ 2000ದ ಸ್ಲಾಕ್ ತೀರ್ಪಿನಂತೆ, ಆ ಕಾರಣವೂ ಮೂಲ ಹಕ್ಕಿನ ಪ್ರಶ್ನೆಯೂ ಚರ್ಚಾಸ್ಪದವೆಂದು ತೋರಿಸಬೇಕಾಗುತ್ತದೆ. ಜಿಲ್ಲಾ ನ್ಯಾಯಾಧೀಶರು ಪ್ರಮಾಣಪತ್ರ ನಿರಾಕರಿಸಿದರೆ ಮೇಲ್ಮನವಿ ನ್ಯಾಯಾಲಯವನ್ನೇ ಕೇಳಬಹುದು. ಅನೇಕರು ಎಡವಬಹುದಾದ ಜಾಗ ಇದೇ: ಪ್ರಮಾಣಪತ್ರದ ನಿರಾಕರಣೆಯನ್ನಷ್ಟೇ ಮರುಪರಿಶೀಲಿಸುವಂತೆ ಕೋರಿದರೆ 60 ದಿನಗಳ ಎಣಿಕೆ ನಿಲ್ಲುವುದಿಲ್ಲ.

ಆದೇಶ ಎಲ್ಲ ವಾದಗಳನ್ನೂ ಮುಟ್ಟಿದ್ದರೆ, ನನ್ನ ಅಭಿಪ್ರಾಯದಲ್ಲಿ, ನೇರ ಮೇಲ್ಮನವಿಯೇ ಸೂಕ್ತ.