ಪಕ್ಕದ ಖಾಲಿ ನಿವೇಶನದಲ್ಲಿ ಆಟದ ಅಂಕಣ ಬರುತ್ತಿದ್ದರೆ, ದೀಪ ಕಟ್ಟುವ ಮೊದಲೇ ಕಡತ ನೋಡಿ

ನಿಮ್ಮ ಬೀದಿಯ ಖಾಲಿ ನಿವೇಶನವೊಂದರಲ್ಲಿ ನೆಲ ಸಮ ಮಾಡಿ ಎತ್ತರದ ಕಬ್ಬಿಣದ ಕಂಬಗಳನ್ನು ನಿಲ್ಲಿಸುತ್ತಿದ್ದರೆ, ಅಲ್ಲಿ ಬರಲಿರುವುದು ಪಿಕಲ್‌ಬಾಲ್ (ಬ್ಯಾಟು, ಪ್ಲಾಸ್ಟಿಕ್ ಚೆಂಡಿನಿಂದ ಆಡುವ ಟೆನಿಸ್‌ನಂಥ ಆಟ) ಅಂಕಣವೋ, ಬಲೆ ಕಟ್ಟಿದ ಸಣ್ಣ ಜಾಗದಲ್ಲಿ ಆಡುವ ಬಾಕ್ಸ್ ಕ್ರಿಕೆಟ್‌ನ ಟರ್ಫೋ ಎಂಬುದನ್ನು ಕೂಡಲೇ ವಿಚಾರಿಸಿಕೊಳ್ಳಿ. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ, ಮಲಗುವ ಕೋಣೆಗಳ ಕಿಟಕಿಗೆ ಎದುರಾಗಿಯೇ ಪಿಕಲ್‌ಬಾಲ್ ಅಂಕಣಗಳು ಬಂದಿವೆ. ಅವಕ್ಕೆ ಅನುಮತಿ ಸಿಕ್ಕಿದ ಬಗೆ ನಮಗೆ ತಿಳಿದದ್ದು ಆಟ ಶುರುವಾದ ಮೇಲೆ.

ಜಾಗವನ್ನು ಗುತ್ತಿಗೆಗೆ ಪಡೆದವರು ಕೆಲಸ ಆರಂಭಿಸುವ ಮುನ್ನ ಮನೆಮನೆಗೆ ಬಂದು, 'ಬಡಾವಣೆಯ ಮಕ್ಕಳಿಗೆ ಕ್ರೀಡಾ ಸೌಲಭ್ಯ' ಎಂಬ ತಲೆಬರಹದ ಹಾಳೆಗೆ ಸಹಿ ಕೇಳಿದರು. ಮಕ್ಕಳ ಆಟಕ್ಕೆ ಬೇಡವೆನ್ನುವವರು ಯಾರು? ಬೀದಿಯ ಹಿರಿಯರು ಸಂತೋಷದಿಂದಲೇ ಸಹಿ ಹಾಕಿದರು. ಮುಂದೆ ಮಾಹಿತಿ ಹಕ್ಕಿನಡಿ ಕಡತದ ಪ್ರತಿ ಪಡೆದಾಗ, ಅದೇ ಸಹಿಗಳ ಹಾಳೆಗೆ 'ನೆರೆಹೊರೆಯವರ ನಿರಾಕ್ಷೇಪಣಾ ಪತ್ರ' ಎಂಬ ಮುಖಪುಟ ಸೇರಿಸಿ ಪಿನ್ ಹೊಡೆದಿತ್ತು. ಅರ್ಜಿಯಲ್ಲಿದ್ದ ವಿವರಣೆ ಒಂದೇ ಸಾಲಿನದು: 'ತಾತ್ಕಾಲಿಕ ಶೆಡ್ ಮತ್ತು ಆಟದ ಅಂಗಳ.' ಯಾವ ಆಟ, ಎಷ್ಟು ಗಂಟೆಯವರೆಗೆ, ಎಷ್ಟು ದೀಪ, ಗಂಟೆಗಿಷ್ಟೆಂದು ಬಾಡಿಗೆ ಪಡೆಯುವ ವ್ಯವಹಾರವೇ ಎಂಬುದರ ಸುಳಿವೂ ಇರಲಿಲ್ಲ. ಅರ್ಜಿಯಲ್ಲಿ ಹೇಳದ ವಿಷಯಕ್ಕೆ ಅನುಮತಿಪತ್ರದಲ್ಲಿ ಷರತ್ತನ್ನೂ ವಿಧಿಸಿರಲಿಲ್ಲವಾದ್ದರಿಂದ, ನಾವು ಆಮೇಲೆ ಕೊಟ್ಟ ದೂರುಗಳಿಗೆಲ್ಲ 'ಷರತ್ತುಗಳ ಉಲ್ಲಂಘನೆ ಕಂಡುಬಂದಿಲ್ಲ' ಎಂಬ ಹಿಂಬರಹವೇ ಬರತೊಡಗಿತು.

ಶಬ್ದದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಶಬ್ದದ ಕಾನೂನು ತಮ್ಮನ್ನು ಕಾಪಾಡುತ್ತದೆ ಎಂಬ ಭರವಸೆಯಲ್ಲಿ ಅನೇಕರು ಅನುಮತಿಯ ಹಂತದಲ್ಲಿ ಸುಮ್ಮನಿರುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಆದರೆ ಆ ನಿಯಮದಲ್ಲಿ ಹಗಲೆಂದರೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ. ಮಕ್ಕಳು ಓದುವ, ವಯಸ್ಸಾದವರು ಮಲಗುವ ಹೊತ್ತೆಲ್ಲ ಕಾನೂನಿನ ಲೆಕ್ಕದಲ್ಲಿ ಹಗಲೇ. ಹಗಲಿನ ಶಬ್ದದ ಬಗ್ಗೆ ಆ ನಿಯಮಗಳಡಿ ದೂರು ಕೊಡಬೇಕಾದರೆ ಮಿತಿಗಿಂತ 10 ಡೆಸಿಬಲ್‌ನಷ್ಟಾದರೂ ಹೆಚ್ಚಿರಬೇಕು. ಇದೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಆ ಮಿತಿಗಳು ಒಂದು ಅವಧಿಯ ಸರಾಸರಿಗೆ ಸಂಬಂಧಿಸಿದವು. ಪಿಕಲ್‌ಬಾಲ್ ಅಂಕಣ 44 ಅಡಿ ಉದ್ದ, 20 ಅಡಿ ಅಗಲವಷ್ಟೇ ಇರುವುದರಿಂದ ಸಣ್ಣ ನಿವೇಶನದಲ್ಲೂ ಒಂದಕ್ಕಿಂತ ಹೆಚ್ಚು ಹಿಡಿಸುತ್ತವೆ. ತೂತುಗಳುಳ್ಳ ಗಟ್ಟಿ ಪ್ಲಾಸ್ಟಿಕ್ ಚೆಂಡು ಗಡುಸಾದ ಬ್ಯಾಟಿಗೆ ತಗಲಿದಾಗಲೆಲ್ಲ 'ಟಕ್' ಎಂಬ ಚೂಪಾದ ಸದ್ದು ಹೊರಡುತ್ತದೆ. ಎಲ್ಲ ಅಂಕಣಗಳಲ್ಲೂ ಆಟ ನಡೆಯುವಾಗ ಕಿಟಕಿ ಮುಚ್ಚಿಕೊಂಡರೂ ಆ ಟಕಟಕ ಕಿವಿ ಬಿಡುವುದಿಲ್ಲ. ಆದರೂ ಎರಡು ಹೊಡೆತಗಳ ನಡುವಿನ ಮೌನವೂ ಸರಾಸರಿಯಲ್ಲಿ ಸೇರುವುದರಿಂದ, ಅಧಿಕಾರಿಗಳು ನಮ್ಮ ಮಹಡಿಯಲ್ಲಿ ಶಬ್ದಮಾಪಕವಿಟ್ಟು ಅಳೆದಾಗ ಅಂಕಿ ದೂರಿನ ಮಟ್ಟವನ್ನು ಮುಟ್ಟಲೇ ಇಲ್ಲ.

'ಕಟ್ಟಡವನ್ನೇ ಕಟ್ಟುತ್ತಿಲ್ಲ, ಅನುಮತಿ ಏಕೆ ಬೇಕು?' ಎಂಬ ಮಾತನ್ನು ನೀವೂ ಕೇಳುವಿರಿ. ಅದನ್ನು ಒಪ್ಪಬೇಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ 'ಅಭಿವೃದ್ಧಿ' ಎಂಬುದರ ವ್ಯಾಖ್ಯೆ ಕಟ್ಟಡಕ್ಕಷ್ಟೇ ಸೀಮಿತವಾಗಿಲ್ಲ. ಭೂಮಿಯ ಬಳಕೆಯಲ್ಲಿ ಆಗುವ ಗಣನೀಯ ಬದಲಾವಣೆಯೂ ಅದರಲ್ಲಿ ಸೇರಿದೆ. ಆದ್ದರಿಂದ ಆ ನಿವೇಶನ ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಯಾವ ವಲಯದಲ್ಲಿದೆ, ಮುಂದಿನ ರಸ್ತೆಯ ಅಗಲಕ್ಕೆ ಅಲ್ಲಿ ಯಾವ ಬಳಕೆಗೆ ಅವಕಾಶವಿದೆ ಎಂಬುದನ್ನು ಲಿಖಿತವಾಗಿ ಕೇಳಿ. ಜಾಗ ಉದ್ಯಾನಕ್ಕೆ ಮೀಸಲಾದದ್ದಾದರೆ ನಿಮ್ಮ ಪಕ್ಷ ಇನ್ನೂ ಗಟ್ಟಿ: ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟದ್ದನ್ನು ಅಲ್ಲಿನ ನಿವಾಸಿಗಳೇ ಪ್ರಶ್ನಿಸಿ, 1991ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಗೆದ್ದಿದ್ದಾರೆ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಕಾಲಾವಕಾಶ. ಅಷ್ಟರಲ್ಲಿ ಕಾಂಕ್ರೀಟು ಒಣಗಿ ಬಣ್ಣವನ್ನೂ ಬಳಿದಿರುತ್ತಾರೆ. ಆದ್ದರಿಂದ ಜೆಸಿಬಿ ಬಂದ ದಿನವೇ ಅರ್ಜಿ ಹಾಕಿ, ಅದರಲ್ಲಿ ಪ್ರತಿಗಳ ಜೊತೆಗೆ ಕಡತ ಪರಿಶೀಲನೆಗೂ ಅವಕಾಶ ಕೇಳಿ. ಅದೂ ಆ ಕಾಯ್ದೆ ಕೊಟ್ಟ ಹಕ್ಕೇ. ಜೊತೆಜೊತೆಗೆ, ಆಟದ ವೇಳೆ, ದೀಪದ ಕಂಬಗಳ ಎತ್ತರ ಮತ್ತು ದಿಕ್ಕು, ವಾಹನ ನಿಲುಗಡೆ ಇವನ್ನು ಅನುಮತಿಪತ್ರದಲ್ಲೇ ಷರತ್ತಾಗಿ ನಮೂದಿಸಬೇಕೆಂದು ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. 'ಹತ್ತಕ್ಕೆ ಮುಚ್ಚುತ್ತೇವೆ ಸಾರ್' ಎಂಬ ಬಾಯಿಮಾತು ನಮ್ಮಲ್ಲಿ ಉಳಿದದ್ದು ಮೊದಲ ವಾರಾಂತ್ಯದವರೆಗೆ. ಪೊಲೀಸರು ಬಂದಾಗ ದೀಪ ಆರುತ್ತಿತ್ತು, ಅವರ ಬೈಕು ತಿರುವು ದಾಟಿದ ಮೇಲೆ ಮತ್ತೆ ಹತ್ತುತ್ತಿತ್ತು.

ನಮಗೀಗ ಉಳಿದಿರುವ ದಾರಿ ಉದ್ದಿಮೆ ಪರವಾನಗಿಯ ನವೀಕರಣವೊಂದೇ. ಅದಕ್ಕೆ ಸಲ್ಲಿಸಿರುವ ಆಕ್ಷೇಪಣೆಯಲ್ಲಿ ಅಂಕಣಗಳನ್ನು ಮುಚ್ಚಿಸಬೇಕೆಂದು ನಾವು ಕೇಳಿಲ್ಲ. ರಾತ್ರಿ 8ಕ್ಕೆ ದೀಪ ಆರಬೇಕು, ಮನೆಗಳ ಕಡೆಯ ಬದಿಗೆ ಶಬ್ದತಡೆ ಗೋಡೆ ಬರಬೇಕು, ಇವೆರಡೂ ಪರವಾನಗಿಯಲ್ಲಿ ಬರಹದಲ್ಲಿರಬೇಕು ಎಂದಷ್ಟೇ ಕೇಳಿದ್ದೇವೆ. ಆದೇಶ ಇನ್ನೂ ಹೊರಬಿದ್ದಿಲ್ಲ.