ನೇತ್ರಾಣಿಯಲ್ಲಿ ಸ್ಕೂಬಾ: ದುಡ್ಡು ಕೊಡುವ ಮೊದಲು ಲಂಗರಿನ ಬಗ್ಗೆ ಕೇಳಿ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗಬಹುದಾ ಎಂದು ಕೇಳುವವರಿಗೆ ನನ್ನ ಉತ್ತರ: ಖಂಡಿತ ಹೋಗಿ. ಆದರೆ ಬರೀ ರೇಟು ನೋಡಿ ಬೋಟು ಆರಿಸಬೇಡಿ. ಐನೂರು ರೂಪಾಯಿ ಉಳಿಸಲು ಹೋಗಿ ಹವಳದ ಮೇಲೆ ಲಂಗರು ಎಸೆಯುವವರ ಬೋಟು ಹತ್ತಿದರೆ, ನಷ್ಟ ಅಲ್ಲಿನ ಮೀನಿಗೆ, ಆ ಮೀನನ್ನೇ ನಂಬಿಕೊಂಡ ನಮ್ಮ ಕಡೆಯ ದೋಣಿಗಳಿಗೆ.

ನಾನು ಭಟ್ಕಳ ತಾಲೂಕಿನವಳು. ಅಪ್ಪನದು ಗಾಳದ ಮೀನುಗಾರಿಕೆ. ನೇತ್ರಾಣಿ ಎಂದರೆ ನಮ್ಮ ಮನೆಯಲ್ಲಿ ಪ್ರವಾಸದ ಜಾಗ ಆಗಿರಲಿಲ್ಲ, ಮುರು ಮೀನು ಮತ್ತು ಕೆಂಬೇರಿ ಸಿಗುವ ಜಾಗ. "ಅದು ಕಲ್ಲಿನ ಜಾಗ, ಬಲೆ ಎಳೆದರೆ ಹರಿದು ಚಿಂದಿಯಾಗ್ತದೆ" ಎನ್ನುತ್ತಿದ್ದರು ಅಪ್ಪ. ಆ ಕಲ್ಲೇ ದ್ವೀಪವನ್ನು ಇಷ್ಟು ವರ್ಷ ಕಾಪಾಡಿದ್ದು. ತಳ ಗುಡಿಸಿಕೊಂಡು ಹೋಗುವ ಟ್ರಾಲ್ ಬಲೆಗಳು ಕಲ್ಲಿಗೆ ಹೆದರಿ ದೂರ ಉಳಿಯುತ್ತವೆ. ಗಾಳದವರು ಒಂದೊಂದೇ ಮೀನು ಹಿಡಿಯುತ್ತಾರೆ, ಬೇಡದ್ದನ್ನು ವಾಪಸ್ ಬಿಡುತ್ತಾರೆ. ಅಪ್ಪ ಮೇಲಿನಿಂದ ಗಾಳ ಇಳಿಸಿದ ಜಾಗವನ್ನು ಕೆಳಗಿನಿಂದ ನೋಡಬೇಕು ಅನ್ನಿಸಿತ್ತು. ಅಣ್ಣನ ಮಗನೂ ಹಟ ಹಿಡಿದ. ಇಬ್ಬರೂ ಹೊರಟೆವು.

ನಾವು ಹೋದ ಡೈವಿಂಗ್ ಸೆಂಟರಿನ ಹೆಸರು ಬರೆಯುತ್ತಿಲ್ಲ. ಮುರುಡೇಶ್ವರದಲ್ಲಿ ಇಂಥವು ಬೇರೆ ಬೇರೆ ಇವೆ. ಪ್ರತಿ ಸೀಸನ್‌ಗೂ ಬೋಟು, ಹುಡುಗರು ಬದಲಾಗುತ್ತಿರುತ್ತಾರೆ. ಏನನ್ನು ನೋಡಿ ಆರಿಸಬೇಕು ಎನ್ನುವುದು ಗೊತ್ತಿದ್ದರೆ ಸಾಕು.

ಮೊದಲು ಸೇವೆಯ ವಿಷಯ. ಫೋನ್ ಮಾಡಿದಾಗಲೇ ವಯಸ್ಸು, ಉಬ್ಬಸ, ಹೃದಯದ ತೊಂದರೆ, ಕಿವಿ ನೋವು, ಈಚೆಗೆ ಆಪರೇಷನ್ ಆಗಿದೆಯಾ ಎಂದೆಲ್ಲ ಕೇಳಿದರು. ಬೆಳಿಗ್ಗೆ ಸೆಂಟರಿನಲ್ಲಿ ಅದನ್ನೇ ಫಾರಂನಲ್ಲಿ ತುಂಬಿಸಿಕೊಂಡರು. ನಮ್ಮ ಜೊತೆ ಬಂದಿದ್ದ ಒಬ್ಬರಿಗೆ ನೆಗಡಿ ಇತ್ತು. "ಇವತ್ತು ಇಳಿಯೋದು ಬೇಡ ಸರ್, ಕಿವಿಗೆ ಪೆಟ್ಟಾಗ್ತದೆ. ಬೋಟಿನಲ್ಲಿ ಬನ್ನಿ, ಡೈವಿನ ದುಡ್ಡು ವಾಪಸ್ ಕೊಡ್ತೇವೆ" ಎಂದರು. ಅಷ್ಟು ಹೊತ್ತಿಗೇ ನನಗೆ ಇವರ ಮೇಲೆ ನಂಬಿಕೆ ಬಂತು. ಈಜು ಬರಬೇಕು ಎಂದೇನಿಲ್ಲ. ಒಬ್ಬೊಬ್ಬರಿಗೂ ಒಬ್ಬ ಇನ್‌ಸ್ಟ್ರಕ್ಟರ್, ಬೆನ್ನ ಹಿಂದಿನ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾರೆ. ಮೊದಲ ಸಲದವರನ್ನು 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವಂತಿಲ್ಲ. ನಮ್ಮನ್ನು ಅದಕ್ಕಿಂತ ಮೇಲೆಯೇ ಇಟ್ಟಿದ್ದರು.

ತಲೆಗೆ ಐದು ಸಾವಿರದ ಆಸುಪಾಸು ಬಿತ್ತು. ಅದರಲ್ಲಿ ಬೋಟು, ಸಲಕರಣೆ, ನೀರೊಳಗಿನ ಫೋಟೋ, ತಿಂಡಿ ಎಲ್ಲ ಸೇರಿತ್ತು. ವೆಟ್‌ಸೂಟ್ ಸ್ವಲ್ಪ ಹಳೆಯದು, ಮೊಣಕಾಲಿನ ಹತ್ತಿರ ಹೊಲಿಗೆ ಬಿಟ್ಟಿತ್ತು. ಹೆಂಗಸರು ಬಟ್ಟೆ ಬದಲಾಯಿಸುವ ಕೋಣೆ ಬಹಳ ಇಕ್ಕಟ್ಟು, ಚಿಲಕ ಸರಿಯಿಲ್ಲ. ಇಷ್ಟು ದುಡ್ಡು ತೆಗೆದುಕೊಳ್ಳುವವರು ಇದನ್ನು ಸರಿ ಮಾಡಲೇಬೇಕು.

ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್. ಬೋಟಿನಲ್ಲಿ ಒಂದು ಗಂಟೆಯ ಮೇಲೆ ಹಿಡಿಯಿತು. ಹಿಂದೆ ಮುರುಡೇಶ್ವರದ ಶಿವ ಸಣ್ಣಗಾಗುತ್ತಾ ಹೋಗುತ್ತಾನೆ, ಮುಂದೆ ನೇತ್ರಾಣಿಯ ಗುಡ್ಡ ಮೇಲೇಳುತ್ತದೆ. ವಾಂತಿ ಬರುವವರು ಹೊರಡುವ ಮೊದಲೇ ಮಾತ್ರೆ ತೆಗೆದುಕೊಳ್ಳಿ. ಹೊಟ್ಟೆ ತುಂಬ ತಿನ್ನಬೇಡಿ, ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ದ್ವೀಪಕ್ಕೆ ಪ್ರವಾಸಿಗರನ್ನು ಇಳಿಸುವುದಿಲ್ಲ, ಇಳಿಸಿ ಎಂದು ಹಟ ಮಾಡಲೂಬಾರದು. ಆ ಬಂಡೆಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಬೋಟಿನಿಂದಲೇ ಒಂದು ಕಂಡಿತು, ಕಾಲಲ್ಲಿ ಮೀನು ಸಿಕ್ಕಿಸಿಕೊಂಡು ಮರದ ಕಡೆ ಹೋಗುತ್ತಿತ್ತು.

ಹಿಂದೆ ಇದೇ ದ್ವೀಪವನ್ನು ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿತ್ತು ಎಂಬುದು ಹೊರಗಿನ ಎಷ್ಟೋ ಜನರಿಗೆ ಗೊತ್ತಿಲ್ಲ. ಪರಿಸರದವರು, ಮೀನುಗಾರರು ಇದನ್ನು ವಿರೋಧಿಸಿದ್ದರು. ಅಂಥ ಜಾಗದಲ್ಲಿ ಇನ್ನೂ ಇಷ್ಟು ಜೀವ ಉಳಿದುಕೊಂಡಿದೆ. ಅದನ್ನು ಈಗ ನಾವು ಟೂರಿಸಂ ಹೆಸರಲ್ಲಿ ಕಳೆದುಕೊಳ್ಳಬಾರದು.

ಇನ್ನು ಲಂಗರಿಗೆ ಬರುತ್ತೇನೆ. ಬುಕ್ ಮಾಡುವಾಗ ನಾನು ಕೇಳಿದ ಮೊದಲ ಪ್ರಶ್ನೆಯೇ ಇದು: "ಅಲ್ಲಿ ಬೋಟನ್ನು ಹೇಗೆ ನಿಲ್ಲಿಸ್ತೀರಿ?" ಒಂದು ಕಡೆ "ಅದೆಲ್ಲ ನಿಮಗ್ಯಾಕೆ ಮೇಡಂ" ಎಂದು ನಕ್ಕರು. ಅಲ್ಲಿಗೆ ಹೋಗಲಿಲ್ಲ. ಇವರು ಬಿಡಿಸಿ ಹೇಳಿದರು: ನೀರಲ್ಲಿ ತೇಲುವ ಬೋಯಾ ಇದ್ದರೆ ಅದಕ್ಕೆ ಹಗ್ಗ ಕಟ್ಟುತ್ತೇವೆ, ಇಲ್ಲದಿದ್ದರೆ ಒಬ್ಬ ಮೊದಲು ಇಳಿದು ಮರಳಿನ ಜಾಗ ನೋಡಿ ಹೇಳಿದ ಮೇಲೆಯೇ ಲಂಗರು ಬಿಡುತ್ತೇವೆ. ಹೇಳಿದ ಹಾಗೆಯೇ ಮಾಡಿದರು. ಬೋಟು ನಡೆಸುವ ತಾಂಡೇಲರು ಎಂಜಿನ್ ಸಣ್ಣದು ಮಾಡಿ ಕಾಯುತ್ತಾ ನಿಂತರು, ಒಬ್ಬ ಹುಡುಗ ಹಗ್ಗದ ತುದಿ ಹಿಡಿದು ನೀರಿಗೆ ಹಾರಿದ.

ಇದು ಯಾಕೆ ದೊಡ್ಡ ವಿಷಯ ಅಂದರೆ, ಹವಳ ಕಲ್ಲಲ್ಲ, ಜೀವ. ಅಕ್ಕಿಕಾಳಿನಷ್ಟು ಸಣ್ಣ ಪ್ರಾಣಿಗಳು ಸಾವಿರಾರು ಸೇರಿ ತಮ್ಮ ಕೆಳಗೆ ಸುಣ್ಣದ ಗೂಡು ಕಟ್ಟಿಕೊಂಡು ಬೆಳೆಯುತ್ತವೆ. ಗುಂಡು ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನೀರಿನ ಕೆಳಗೆ ನಾನು ನೋಡಿದ ಒಂದು ಗುಂಡು ಹವಳ ನನ್ನ ಎರಡು ಕೈ ಚಾಚಿದರೂ ಅಪ್ಪಿಕೊಳ್ಳಲು ಸಿಗದಷ್ಟು ಅಗಲ ಇತ್ತು. ಅದಕ್ಕೆ ನಮ್ಮ ಅಜ್ಜಿಗಿಂತ ಜಾಸ್ತಿ ವಯಸ್ಸಾಗಿರಬೇಕು. ಅದರ ನೆತ್ತಿಯ ಮೇಲೆ ಒಂದು ಲಂಗರು ಬಿದ್ದು, ಗಾಳಿಗೆ ಬೋಟು ಎಳೆದರೆ ಮುಗಿಯಿತು. ದಿನಕ್ಕೆ ಎಷ್ಟು ಬೋಟು, ವರ್ಷಕ್ಕೆ ಎಷ್ಟು ದಿನ ಎಂದು ನೀವೇ ಲೆಕ್ಕ ಹಾಕಿ.

ನಾವು ನೀರಿಗಿಳಿಯುವಾಗಲೇ ಸ್ವಲ್ಪ ಆಚೆ ಇನ್ನೊಂದು ಬೋಟು ಬಂತು. ಯಾರೂ ಇಳಿದು ನೋಡಲಿಲ್ಲ, ಲಂಗರು ಧೊಪ್ಪೆಂದು ಎಸೆದರು. ಮೇಲಿಂದ ಬಿಸ್ಕತ್ತು ಚೂರು ಮಾಡಿ ಹಾಕಿ ಮೀನು ಕರೆದರು, ಫೋಟೋಗೋಸ್ಕರ. ಕಪ್ಪು ಪಟ್ಟೆಯ ಸಣ್ಣ ಮೀನುಗಳು ರಾಶಿ ಬಿದ್ದವು. ನೋಡಲು ಚೆಂದ. ಆದರೆ ಕಲ್ಲಿನ ಮೇಲಿನ ಪಾಚಿ ತಿನ್ನಬೇಕಾದ ಮೀನು ಮೈದಾ ತಿಂದು ಹೊಟ್ಟೆ ತುಂಬಿಸಿಕೊಂಡರೆ ಪಾಚಿಯನ್ನು ಯಾರು ತಿನ್ನಬೇಕು? ಪಾಚಿ ಹಬ್ಬಿದರೆ ಹವಳಕ್ಕೆ ಬೆಳಕಿಲ್ಲ.

ನನ್ನ ಇನ್‌ಸ್ಟ್ರಕ್ಟರ್ ಭಟ್ಕಳದ ಹುಡುಗ. ಮೀನುಗಾರರ ಮನೆಯವನೇ. ಆಳವಿಲ್ಲದ ಕಡೆ ಉಸಿರಾಟ ಅಭ್ಯಾಸ ಮಾಡಿಸುವಾಗ ಕೈ ಸನ್ನೆ ಕಲಿಸಿದ. ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಅಂತಲ್ಲ, 'ಮೇಲೆ ಹೋಗೋಣ' ಅಂತ. ಇದನ್ನು ಮರೆಯಬೇಡಿ, ಖುಷಿಯಲ್ಲಿ ಹೆಬ್ಬೆರಳು ಎತ್ತಿದವರನ್ನು ನಿಜವಾಗಿ ಮೇಲೆ ಕರೆದುಕೊಂಡು ಹೋಗಿಬಿಡುತ್ತಾರೆ. ಆಮೇಲೆ ಅವನು ಹೇಳಿದ್ದು: "ಅಕ್ಕಾ, ಏನನ್ನೂ ಮುಟ್ಟಬೇಡಿ. ಕಾಲು ಕೆಳಗೆ ಊರಬೇಡಿ. ಹೆದರಿಕೆ ಆದರೆ ನನ್ನ ಕೈ ಹಿಡೀರಿ, ಕಲ್ಲು ಹಿಡೀಬೇಡಿ." ಕಾರಣ ಎರಡು. ಕಲ್ಲಿನ ಬಣ್ಣದಲ್ಲೇ ಕೂತಿರುವ ವಿಷದ ಮುಳ್ಳಿನ ಮೀನು ಇರಬಹುದು. ಮತ್ತು ಹವಳದ ಮೇಲಿನ ತೆಳು ಪೊರೆ ಕೈ ಸವರಿದರೂ ಗಾಯವಾಗುತ್ತದೆ. ಅಣ್ಣನ ಮಗ ಒಂದು ಮುರಿದ ಹವಳದ ಚೂರು ತರಬಹುದಾ ಎಂದು ಕೇಳಿದ್ದಕ್ಕೆ "ಸತ್ತದ್ದೂ ತರೋ ಹಾಗಿಲ್ಲ ಮಾರಾಯ" ಎಂದ. ಅವನು ಹೇಳಿದ್ದು ಸರಿ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲಿ. ತಂದರೆ ಜೈಲು. ತಿಮಿಂಗಿಲ ಶಾರ್ಕಿಗೂ ಅದೇ ವರ್ಷ ಅದೇ ರಕ್ಷಣೆ ಸಿಕ್ಕಿತು.

ಕೆಳಗೆ ಮೊದಲು ಗಮನಕ್ಕೆ ಬಂದದ್ದು ಶಬ್ದ. ಕಟ್, ಕಟ್ ಎಂದು ಯಾರೋ ಕಲ್ಲುಸಕ್ಕರೆ ಕಡಿಯುವ ಹಾಗೆ. ಗಿಳಿಮೀನು. ಹಸಿರು, ನೀಲಿ, ಗುಲಾಬಿ ಬಣ್ಣದ ಮೈ, ಮುಂದೆ ಕೊಕ್ಕು. ಕಲ್ಲನ್ನು ಕಚ್ಚಿ ಪಾಚಿ ಕೆರೆಯುತ್ತದೆ, ಕಚ್ಚಿದ ಕಲ್ಲು ಹೊಟ್ಟೆಯಲ್ಲಿ ಪುಡಿಯಾಗಿ ಹಿಂದಿನಿಂದ ಮರಳಾಗಿ ಬೀಳುತ್ತದೆ. ನಾನು ನೋಡುತ್ತಿದ್ದ ಹಾಗೇ ಒಂದು ಬಿಳಿ ಹೊಗೆಯಂತೆ ಮರಳು ಬಿಟ್ಟುಕೊಂಡು ಮುಂದೆ ಹೋಯಿತು. ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ ಓಡಾಡುತ್ತಿದ್ದವು.

ಆಮೇಲೆ ಒಂದು ಬಂಡೆಯ ಸಂದಿಯಲ್ಲಿ ಮುರು ಮೀನು. ಹೋಟೆಲಿನವರು ರೀಫ್ ಕಾಡ್ ಎನ್ನುವುದು ಇದನ್ನೇ. ಮೈಮೇಲೆ ಚುಕ್ಕೆ, ದಪ್ಪ ತುಟಿ, ಕಿವಿರು ಆಡಿಸುತ್ತಾ ನನ್ನನ್ನೇ ನೋಡುತ್ತಿತ್ತು, ಕದಲಲಿಲ್ಲ. ಮಾರ್ಕೆಟ್ಟಿನ ಬುಟ್ಟಿಯಲ್ಲಿ ಬಾಲ್ಯದಿಂದ ನೋಡಿದ ಮೀನು, ಜೀವಂತ ತನ್ನ ಮನೆಯ ಬಾಗಿಲಲ್ಲಿ ಕೂತಿರುವುದನ್ನು ಕಂಡದ್ದು ಇದೇ ಮೊದಲು. ಮುರು ಮೀನುಗಳು ಸಾಮಾನ್ಯವಾಗಿ ಮೊದಲು ಹೆಣ್ಣಾಗಿ ಬೆಳೆಯುತ್ತವೆ, ದೊಡ್ಡದಾದ ಮೇಲೆ ಕೆಲವು ಗಂಡಾಗಿ ಬದಲಾಗುತ್ತವೆ. ಹಾಗಾಗಿ ದೊಡ್ಡದನ್ನೇ ಹುಡುಕಿ ಹಿಡಿದರೆ ಗಂಡುಗಳೇ ಇಲ್ಲದಂತಾಗುತ್ತದೆ. ಸಣ್ಣದನ್ನು ಹಿಡಿದರೆ ಅದು ಒಂದು ಸಲವೂ ಮೊಟ್ಟೆ ಇಟ್ಟಿರುವುದಿಲ್ಲ. ಇಂಥ ಮೀನಿಗೆ ಎಲ್ಲೋ ಒಂದು ಕಡೆ ಯಾರೂ ಮುಟ್ಟದ ಜಾಗ ಬೇಕೇ ಬೇಕು. ಅಲ್ಲಿ ಇಟ್ಟ ಮೊಟ್ಟೆ, ಮರಿ ಹರಿವಿನ ಜೊತೆ ಹೊರಗೆ ಬರುತ್ತವೆ, ನಮ್ಮ ಗಾಳಕ್ಕೆ ಸಿಗುವುದು ಅವೇ.

ಮೆಕ್ಸಿಕೋದ ಕಾಬೊ ಪುಲ್ಮೊ ಎಂಬಲ್ಲಿ ಇದು ಆಗಿ ತೋರಿಸಿದೆ. ಮೀನು ಕಮ್ಮಿಯಾಗಿದ್ದ ಊರು. ಮೀನುಗಾರರ ಮನೆಯವರೇ ಮುಂದೆ ನಿಂತು ಹಿಡಿಯುವುದನ್ನು ನಿಲ್ಲಿಸಿದರು, 1995ರಲ್ಲಿ ಸರ್ಕಾರ ಅದನ್ನು ಕಡಲ ಉದ್ಯಾನ ಮಾಡಿತು. 1999ರಿಂದ 2009ರ ಒಳಗೆ ಅಲ್ಲಿನ ಮೀನಿನ ಒಟ್ಟು ತೂಕ ಶೇ. 460ಕ್ಕೂ ಜಾಸ್ತಿ ಏರಿತು. ಈಗ ಆ ಮನೆಗಳವರೇ ಡೈವಿಂಗ್ ಬೋಟು ನಡೆಸುತ್ತಾರೆ. ನಮ್ಮ ಮುರುಡೇಶ್ವರದ ಡೈವಿಂಗ್ ಸೇವೆಯನ್ನು ನಾನು ಅಳೆಯುವುದು ಇದೇ ಅಳತೆಯಿಂದ. ನಮ್ಮ ಬೋಟಿನ ತಾಂಡೇಲರು, ಹುಡುಗರು ಇಲ್ಲಿಯವರೇ ಆಗಿದ್ದರು. ಆ ಕೆಲಸ, ಆ ಸಂಬಳ ಇಲ್ಲೇ ಉಳಿಯುತ್ತದೆ. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಕೆಳಗೆ ಬೇಸರ ತಂದ ನೋಟವೂ ಇತ್ತು. ಒಂದು ಬಂಡೆಯ ಮೂಲೆಗೆ ಹಸಿರು ನೈಲಾನ್ ಬಲೆಯ ತುಂಡು ಸುತ್ತಿಕೊಂಡಿತ್ತು. ಪಾಚಿ ಹಿಡಿದು ಬಟ್ಟೆಯಂತೆ ಆಡುತ್ತಿತ್ತು. ಬಲೆಯ ಕಣ್ಣುಗಳಲ್ಲಿ ಒಂದು ಏಡಿಯ ಖಾಲಿ ಚಿಪ್ಪು. ಕಿತ್ತುಹೋದ ಬಲೆ ಯಾರಿಗೂ ಸೇರದೆ ವರ್ಷಗಟ್ಟಲೆ ಮೀನು ಹಿಡಿಯುತ್ತಲೇ ಇರುತ್ತದೆ. ಇನ್‌ಸ್ಟ್ರಕ್ಟರ್ ಹುಡುಗ ಅದನ್ನು ಕೈಯಿಂದ ಎಳೆಯಲಿಲ್ಲ. ಎಳೆದರೆ ಹವಳವೂ ಕಿತ್ತು ಬರುತ್ತದೆ. ಜಾಗ ಗುರುತು ಮಾಡಿಕೊಂಡು, ಪ್ರವಾಸಿಗರು ಇಲ್ಲದ ದಿನ ಕತ್ತರಿ ತಂದು ಬಿಡಿಸುತ್ತೇವೆ ಎಂದ. ಇದು ಬೋಟಿನವರಿಗೆ ದುಡ್ಡು ತರುವ ಕೆಲಸ ಅಲ್ಲ. ಆದರೂ ಮಾಡುತ್ತಾರಲ್ವಾ, ಅದಕ್ಕೇ ನಾನು ಇವರ ಹತ್ತಿರ ಮತ್ತೆ ಹೋಗುತ್ತೇನೆ.

ಡೈವಿಂಗಿನವರನ್ನು ಮಾತ್ರ ಹಿಡಿದು ಕೇಳಿದರೆ ಸಾಲದು. ನೇತ್ರಾಣಿ ದಡದಿಂದ ಹತ್ತು ನಾಟಿಕಲ್ ಮೈಲಿಯ ಆಸುಪಾಸಿನಲ್ಲಿದೆ, ಅಂದರೆ 12 ನಾಟಿಕಲ್ ಮೈಲಿಯ ಒಳಗೆ. ಅಲ್ಲಿಯವರೆಗೆ ಮೀನುಗಾರಿಕೆಯ ನಿಯಮ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಇಳಿಯುವ ಹಾಗಿಲ್ಲ, ಅದನ್ನು ನಮ್ಮವರು ಪಾಲಿಸುತ್ತಾರೆ. ಆದರೆ ಎಲ್‌ಇಡಿ ದೀಪ ಹಾಕಿ ಮೀನು ಸೆಳೆದು ಹಿಡಿಯುವುದಕ್ಕೆ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗಿಗೆ 2017ರಲ್ಲೇ ಕೇಂದ್ರದ ನಿಷೇಧ ಬಂದಿದ್ದರೂ, ಅದರ ವಿರುದ್ಧ ಗಾಳದವರು, ಸಣ್ಣ ಬಲೆಯವರು ಈಗಲೂ ಬೀದಿಗಿಳಿಯಬೇಕಾಗುತ್ತದೆ. ಬೆಳಕಿಗೆ ದೊಡ್ಡ ಮೀನು ಮಾತ್ರ ಬರುವುದಿಲ್ಲ, ಮರಿಯೂ ಬರುತ್ತದೆ. ಈಚೆಗೆ ಹೊನ್ನಾವರದ ಹತ್ತಿರ ಅಪ್ಸರಕೊಂಡ-ಮುಗಳಿಯನ್ನು ಕಡಲ ವನ್ಯಜೀವಿ ಧಾಮ ಮಾಡಿದ್ದು ಒಳ್ಳೆಯ ಸುದ್ದಿ. ನೇತ್ರಾಣಿಯ ಸುತ್ತಲೂ ಅಂಥದ್ದೇ ಕಟ್ಟುನಿಟ್ಟು ಬರಲಿ. ಆದರೆ ಅದನ್ನು ಗಾಳದವರನ್ನು ಕೂರಿಸಿಕೊಂಡು ಮಾಡಲಿ, ಓಡಿಸಿ ಅಲ್ಲ.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೀರು ತಿಳಿಯಾಗಿರುವುದು ಜಾಸ್ತಿ. ವೀಕೆಂಡಿನಲ್ಲಿ ಬೋಟಿನ ಸಾಲೇ ಇರುತ್ತದೆ, ಆದಷ್ಟು ವಾರದ ಮಧ್ಯೆ ಹೋಗಿ. ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗಿಳಿಯುವ ಬದಲು ತುಂಬು ತೋಳಿನ ಅಂಗಿ ಹಾಕಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಜೋನ್ ಹವಳಕ್ಕೆ ಹಾನಿ ಎಂದು ಹವಾಯಿಯಲ್ಲಿ 2021ರಿಂದ ಅದರ ಮಾರಾಟವನ್ನೇ ನಿಲ್ಲಿಸಿದ್ದಾರೆ. ಡೈವ್ ಮಾಡಿದ ದಿನವೇ ವಿಮಾನ ಹತ್ತಬೇಡಿ, ಕನಿಷ್ಠ 12 ಗಂಟೆ ಬಿಡಿ. ಬುಕ್ ಮಾಡುವಾಗ ಬೋಟು ಹೇಗೆ ನಿಲ್ಲಿಸುತ್ತೀರಿ, ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ, ಮೀನಿಗೆ ತಿಂಡಿ ಹಾಕುತ್ತೀರಾ ಎಂದು ಕೇಳಿ. ಉತ್ತರ ಕೊಡಲು ಹಿಂದೆಮುಂದೆ ನೋಡಿದರೆ ಫೋನ್ ಇಟ್ಟು ಪಕ್ಕದ ಸೆಂಟರಿಗೆ ಮಾಡಿ.

ಐದಕ್ಕೆ ನಾಲ್ಕು ಸ್ಟಾರ್. ಹೆಂಗಸರ ಕೋಣೆಯ ಚಿಲಕ ಸರಿಯಾದ ದಿನ ಐದನೆಯದನ್ನೂ ಸೇರಿಸುತ್ತೇನೆ.