ಎಎನ್-6 ಬ್ರೇಡೆಡ್ ಫ್ಯೂಯೆಲ್ ಲೈನ್ ಕಿಟ್: ಹೋಸ್‌ಗೆ ಪೂರ್ಣ ಅಂಕ, ಫಿಟ್ಟಿಂಗ್‌ಗೆ ಅರ್ಧ

ಕಾರಿನ ಟ್ಯಾಂಕ್‌ನಿಂದ ಇಂಜಿನ್‌ಗೆ ಪೆಟ್ರೋಲ್ ಒಯ್ಯುವ ಲೈನಿಗೆಂದು ಆನ್‌ಲೈನ್‌ನಲ್ಲಿ ಬ್ರ್ಯಾಂಡ್ ಹೆಸರೇ ಇಲ್ಲದೆ ಸಿಗುವ ಕಿಟ್ ಇದು. ಪೆಟ್ಟಿಗೆಯಲ್ಲಿ 20 ಅಡಿ ಎಎನ್-6 (ಎಎನ್ ಎಂಬುದು ಹೋಸ್, ಫಿಟ್ಟಿಂಗ್‌ಗಳ ಅಳತೆಯ ಪದ್ಧತಿ) ಹೋಸ್ ಇರುತ್ತದೆ: ಮೇಲೆ ಕಪ್ಪು ನೈಲಾನ್ ಹೆಣಿಗೆ, ಅದರಡಿ ಸ್ಟೇನ್‌ಲೆಸ್ ಹೆಣಿಗೆ, ಒಳಗೆ ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಕೊಳವೆ. ಜೊತೆಗೆ 10 ಅಲ್ಯೂಮಿನಿಯಂ ಫಿಟ್ಟಿಂಗ್. ನೇರದ್ದು 4, ಮತ್ತೆ 45, 90, 180 ಡಿಗ್ರಿ ಬಾಗಿದವು ಎರಡೆರಡು. ಮುಂಬಯಿ, ಠಾಣೆ, ಡೊಂಬಿವಲಿಯ ನಮ್ಮವರಲ್ಲಿ ಹಳೆಯ ಜೆನ್, ಎಸ್ಟೀಮ್, ಸ್ವಿಫ್ಟ್‌ಗಳಿಗೆ ಟರ್ಬೊ ಹಾಕಿಸಿ, ಚೌತಿಗೆ ಕಶೇಡಿ ಘಾಟ್ ದಾಟಿ ಊರಿಗೆ ಓಡಿಸುವವರಿಗೆ ಇದು ಉಪಯೋಗಕ್ಕೆ ಬರುತ್ತದೆ, ಆದರೆ ಪೆಟ್ಟಿಗೆಯಲ್ಲಿ ಬಂದದ್ದನ್ನೆಲ್ಲ ಹಾಗೇ ಹಾಕಬಾರದು.

ಬ್ರೇಡೆಡ್ ಎಂದಾಕ್ಷಣ ಎಲ್ಲರ ಕಣ್ಣು ಹೊರಗಿನ ಹೆಣಿಗೆಯ ಮೇಲೆ. ಪೆಟ್ರೋಲ್ ಆ ಹೆಣಿಗೆಯನ್ನು ಮುಟ್ಟುವುದೇ ಇಲ್ಲ, ಅದಕ್ಕೆ ಸಂಬಂಧ ಒಳಗೋಡೆಯ ಜೊತೆ. ಈಗ ಬಂಕ್‌ನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಇ20. ಸಾಧಾರಣ ನೈಟ್ರೈಲ್ ರಬ್ಬರ್ ಅದಕ್ಕೆ ಉಬ್ಬಿ, ಮೆತ್ತಗಾಗಿ, ಒಣಗಿದಾಗ ಬಿರಿಯುತ್ತದೆ. ಸೋರದಿದ್ದರೂ ಆವಿ ಗೋಡೆಯೊಳಗಿಂದ ಹಾದು ಬರುತ್ತದೆ. ಮುಚ್ಚಿದ ಪಾರ್ಕಿಂಗ್‌ನಲ್ಲಿ ಬೆಳಿಗ್ಗೆ ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುವುದು ಇದರಿಂದಲೇ. ಪಿಟಿಎಫ್‌ಇ ಎಥನಾಲ್‌ಗೆ ಜಗ್ಗುವುದಿಲ್ಲ. ಈ ಕಿಟ್ಟನ್ನು ಮೆಚ್ಚಲು ಮುಖ್ಯ ಕಾರಣ ಅಷ್ಟೇ.

ಕೊಳ್ಳುವ ಮೊದಲು ಹೋಸ್‌ನ ತುದಿ ನೋಡಿ. ಒಳಕೊಳವೆ ಹಾಲಿನಂತೆ ಬಿಳಿಯಾಗಿದ್ದರೆ ಬೇಡ, ಕಪ್ಪಗಿರಬೇಕು. ಕಪ್ಪು ಬರುವುದು ಇಂಗಾಲದಿಂದ. ಪೆಟ್ರೋಲ್ ಹರಿಯುವಾಗ ಪಿಟಿಎಫ್‌ಇ ಗೋಡೆಯಲ್ಲಿ ಸ್ಥಿರ ವಿದ್ಯುತ್ ಕೂಡುತ್ತದೆ. ಇಂಗಾಲವಿದ್ದರೆ ಅದು ಫಿಟ್ಟಿಂಗ್ ಕಡೆಗೆ ಇಳಿದುಹೋಗುತ್ತದೆ, ಇಲ್ಲದಿದ್ದರೆ ಹೊರಗಿನ ಸ್ಟೀಲ್ ಹೆಣಿಗೆಗೆ ಕಿಡಿ ಹಾರಿ ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಕಿಟ್ ಬೇಡ, ಮೀಟರ್ ಲೆಕ್ಕದಲ್ಲಿ ಸಾಕು ಎನ್ನುವವರು ಮುಂಬಯಿಯ ನಾಗದೇವಿ ಸ್ಟ್ರೀಟ್‌ನ ಹೈಡ್ರಾಲಿಕ್ ಅಂಗಡಿಗಳಲ್ಲಿ ಅಥವಾ ಪುಣೆಯ ಭೋಸರಿಯಲ್ಲಿ ‘ಎಸ್‌ಎಇ 100 ಆರ್14, ಟೈಪ್ ಬಿ’ ಎಂದು ಕೇಳಿ. ಟೈಪ್ ಬಿ ಅಂದರೆ ಇದೇ ಇಂಗಾಲದ ಒಳಗೋಡೆ. ‘ಇದೂ ಅದೇ ಸಾಹೇಬ್ರೆ’ ಎಂದು ಆರ್1 ಅಥವಾ ಆರ್2 ಕೊಟ್ಟರೆ ತೆಗೆದುಕೊಳ್ಳಬೇಡಿ, ಅವು ಆಯಿಲ್‌ಗೆ ಮಾಡಿದ ರಬ್ಬರ್ ಹೋಸ್‌ಗಳು.

ಸೈಜಿನ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಎಎನ್-6 ಅಂದರೆ 6/16 ಇಂಚಿನ, ಅಂದರೆ 3/8 ಇಂಚಿನ ಪೈಪ್‌ಗೆ ಹೊಂದುವ ಅಳತೆ. ರಸ್ತೆಯ ಮೇಲೆ ಓಡುವ 300 ಹಾರ್ಸ್‌ಪವರ್ ಕಾರಿಗೂ ಧಾರಾಳ. ಎಎನ್-8 ಹಾಕಿಸಿದರೆ ದುಡ್ಡು ಮತ್ತು ಜಾಗ ಎರಡೂ ದಂಡ.

ಫಿಟ್ಟಿಂಗ್‌ಗಳಿಗೆ ಅರ್ಧ ಅಂಕ ಯಾಕೆಂದರೆ, ಇವುಗಳಲ್ಲಿ ಕೆಲವು ಅಲ್ಯೂಮಿನಿಯಂ ಚೂರುಗಳ ಸಮೇತ ಬರುತ್ತವೆ. ಥ್ರೆಡ್ ಸಂದಿಯಲ್ಲಿ ಕೂತ ಒಂದು ಹೊಳೆಯುವ ಎಳೆ ಸಾಕು, ಇಂಜೆಕ್ಟರ್ ಕಟ್ಟಿಕೊಳ್ಳಲು. ಎಲ್ಲವನ್ನೂ ಪೆಟ್ರೋಲ್‌ನಲ್ಲಿ ತೊಳೆದು ಏರ್ ಹೊಡೆಯಿರಿ. 37 ಡಿಗ್ರಿಯ ಸೀಟ್ (ಎರಡು ಫಿಟ್ಟಿಂಗ್ ಒಂದಕ್ಕೊಂದು ಒತ್ತಿ ಕೂರುವ ಇಳಿಜಾರು ಮುಖ) ಮೇಲೆ ಉಗುರು ಆಡಿಸಿ, ಗೀರು ಸಿಕ್ಕರೆ ಬದಿಗಿಡಿ. ಹೈಡ್ರಾಲಿಕ್ ಅಂಗಡಿಯವರು ಜೆಐಸಿ ಎನ್ನುವ ಸ್ಟೀಲ್ ಫಿಟ್ಟಿಂಗ್‌ಗೂ ಅದೇ 37 ಡಿಗ್ರಿ, ಅದೇ 9/16-18 ಥ್ರೆಡ್, ಆದ್ದರಿಂದ ಪ್ಲಗ್, ಅಡಾಪ್ಟರ್ ಅಲ್ಲಿಂದಲೇ ತರಬಹುದು. 45 ಡಿಗ್ರಿ ಸೀಟಿನ ಹಿತ್ತಾಳೆ ಫಿಟ್ಟಿಂಗ್ ಮಾತ್ರ ಬೇಡ. ಎಎನ್-4 ಮತ್ತು ಎಎನ್-8ರಲ್ಲಿ ಅದರ ಥ್ರೆಡ್ ಸರಾಗವಾಗಿ ಕೂರುತ್ತದೆ, ಮೋಸ ಅಲ್ಲೇ ಇರುವುದು: ಥ್ರೆಡ್ ಹೊಂದಿದರೂ ಸೀಟ್ ಹೊಂದುವುದಿಲ್ಲ, ಸೋರುತ್ತದೆ.

ಇನ್ನು ಜೋಡಣೆ. ಕತ್ತರಿಸುವ ಜಾಗಕ್ಕೆ ಎರಡು ಸುತ್ತು ಟೇಪ್ ಬಿಗಿದು, 1 ಮಿಮೀ ಕಟಿಂಗ್ ಡಿಸ್ಕ್‌ನಲ್ಲಿ ನೇರಕ್ಕೆ ಕತ್ತರಿಸಿ, ಒಳಗಿನ ಧೂಳು ಹೋಗುವಂತೆ ಏರ್ ಹೊಡೆಯಿರಿ. ಫಿಟ್ಟಿಂಗ್‌ನ ಹೊರ ನಟ್ಟಾದ ಸಾಕೆಟನ್ನು ಮೊದಲೇ ಹೋಸ್‌ಗೆ ತೂರಿಸಿ ಹಿಂದಕ್ಕೆ ತಳ್ಳಿಡಿ. ಆಮೇಲೆ ಬರುವುದು ಆಲಿವ್, ಕಿರುಬೆರಳ ತುದಿಯ ಮೇಲೆ ಕೂರುವ ಹಿತ್ತಾಳೆ ಉಂಗುರ. ಹೆಣಿಗೆಯ ತಂತಿಗಳನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಹೂವಿನಂತೆ ಹೊರಕ್ಕೆ ಬಿಡಿಸಿ, ಪಿಟಿಎಫ್‌ಇ ಕೊಳವೆ ಮತ್ತು ಹೆಣಿಗೆಯ ನಡುವೆ ಆಲಿವ್ ಕೂರಿಸಿ. ಸಮತಟ್ಟಾದ ಮರದ ಮೇಲೆ ಒತ್ತಿದರೆ ಕೊಳವೆ ಆಲಿವ್‌ನ ಒಳ ಅಂಚಿಗೆ ತಾಗುತ್ತದೆ. ಒಂದೇ ಒಂದು ತಂತಿ ಆಲಿವ್‌ನ ಅಡಿ ಸಿಕ್ಕಿದರೂ ಸೋರಿಕೆ ಖಂಡಿತ; ಟಾರ್ಚ್ ಬಿಟ್ಟು ಸುತ್ತಲೂ ನೋಡಿ. ಫಿಟ್ಟಿಂಗ್‌ನ ಮೂತಿಯಾದ ನಿಪ್ಪಲ್‌ಗೆ ಎರಡು ಹನಿ ಆಯಿಲ್ ಸವರಿ ಕೊಳವೆಯೊಳಗೆ ಪೂರ್ತಿ ತಳ್ಳಿ, ಅಲ್ಯೂಮಿನಿಯಂ ತುಂಡು ಕೊಟ್ಟ ವೈಸ್‌ನಲ್ಲಿ ಹಿಡಿದು, ಸುಮಾರು 1 ಮಿಮೀ ಸಂದಿ ಉಳಿಯುವವರೆಗೆ ಸಾಕೆಟ್ ಬಿಗಿಯಿರಿ. ಬಿಚ್ಚಿದರೆ ಹಳೆ ಆಲಿವ್ ಬಿಸಾಡಬೇಕು. ಕಿಟ್‌ನಲ್ಲಿ ಹೆಚ್ಚುವರಿ ಆಲಿವ್ ಇಲ್ಲ, ನಾಲ್ಕೈದು ಬೇರೆಯಾಗಿ ತರಿಸಿಡಿ. ರಬ್ಬರ್ ಹೋಸ್‌ನ ಎಎನ್ ಫಿಟ್ಟಿಂಗ್ ನೋಡಲು ಹೀಗೇ ಇರುತ್ತದೆ, ಆದರೆ ಅದಕ್ಕೆ ಆಲಿವ್ ಇಲ್ಲ. ಪಿಟಿಎಫ್‌ಇಗೆ ಅದನ್ನು ಹಾಕಿದರೆ ಪ್ರೆಷರ್ ಬಂದಾಗ ಹೋಸ್ ಕಿತ್ತುಕೊಂಡು ಬರುತ್ತದೆ.

ಕಾರಿಗೆ ಹಾಕುವ ಮೊದಲು ಒಂದು ತುದಿಗೆ ಪ್ಲಗ್ ಹಾಕಿ, ಇನ್ನೊಂದರಿಂದ 7 ಬಾರ್ ಗಾಳಿ ಕೊಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿ. ಎಂಪಿಎಫ್‌ಐ ಪೆಟ್ರೋಲ್ ಇಂಜಿನ್‌ನ ರೈಲ್‌ನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಇರುವುದು 3–4 ಬಾರ್, ಹಾಗಾಗಿ ಇದು ನ್ಯಾಯವಾದ ಪರೀಕ್ಷೆ. ಡೈರೆಕ್ಟ್ ಇಂಜೆಕ್ಷನ್ ಅಥವಾ ಕಾಮನ್ ರೈಲ್ ಡೀಸೆಲ್‌ನ ಹೈ ಪ್ರೆಷರ್ ಕಡೆಗೆ ಈ ಹೋಸ್ ತರಲೇಬೇಡಿ, ಅಲ್ಲಿನ ಒತ್ತಡ ನೂರಾರು, ಡೀಸೆಲ್‌ನಲ್ಲಿ ಸಾವಿರ ದಾಟುವ ಬಾರ್.

20 ಅಡಿ ಇದೆ ಎಂದು ಟ್ಯಾಂಕ್‌ನಿಂದ ಇಂಜಿನ್‌ವರೆಗೆ ಹೋಸನ್ನೇ ಎಳೆಯುವುದು ತಪ್ಪು ಕೆಲಸ. ಫ್ಲೋರ್‌ನಡಿ ಕಂಪನಿಯ ಸ್ಟೀಲ್ ಪೈಪ್ ಇರಲಿ. ಸಮುದ್ರದ ಗಾಳಿಗೆ ತುಕ್ಕು ಹಿಡಿದಿದ್ದರೆ ಹೊಸ ಪೈಪನ್ನೇ ಹಾಕಿಸಿ. ಹೋಸ್ ಬೇಕಾಗಿರುವುದು ಎರಡು ತುದಿಗಳಲ್ಲಿ, ಅಲುಗಾಡುವ ಕಡೆ. ಇಂಜಿನ್ ತೊನೆಯುವಷ್ಟು ಸಡಿಲ ಬಿಡಿ, ತೀರಾ ಬಗ್ಗಿಸಬೇಡಿ: ಪಿಟಿಎಫ್‌ಇ ಒಮ್ಮೆ ಮಡಚಿಕೊಂಡರೆ ಆ ತುಂಡು ಮತ್ತೆ ಕೆಲಸಕ್ಕಿಲ್ಲ, ಅಂಥ ಜಾಗಕ್ಕೇ 90 ಡಿಗ್ರಿ ಫಿಟ್ಟಿಂಗ್ ಇರುವುದು. ಬರೀ ಸ್ಟೀಲ್ ಹೆಣಿಗೆಯ ಹೋಸ್ ಗರಗಸದಂತೆ ವೈರಿಂಗ್, ಪೇಂಟ್, ಎಸಿ ಪೈಪ್ ಎಲ್ಲವನ್ನೂ ಕೊರೆಯುತ್ತದೆ. ಈ ಕಿಟ್‌ನ ನೈಲಾನ್ ಹೊದಿಕೆ ಅಲ್ಲಿ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ, ಆದರೂ ಒಂದೊಂದು ಅಡಿಗೆ ರಬ್ಬರ್ ಇರುವ ಪಿ-ಕ್ಲಿಪ್ ಬೇಕೇ ಬೇಕು. ಎಎನ್ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಸೋರದಂತೆ ತಡೆಯುವುದು ಸೀಟ್, ಥ್ರೆಡ್ ಅಲ್ಲ. ಕೈಯಲ್ಲಿ ಬಿಗಿದು, ಪಾನಾದಿಂದ ನಟ್‌ನ ಒಂದು ಮೂಲೆಯಷ್ಟು, ಸ್ವಲ್ಪ ಹೆಚ್ಚು ತಿರುಗಿಸಿ ನಿಲ್ಲಿಸಿ.

ಎಲ್ಲ ಮುಗಿದ ಮೇಲೆ ಪ್ರತಿ ಜಾಯಿಂಟ್‌ಗೂ ಬಿಳಿ ಟಿಶ್ಯೂ ಸುತ್ತಿ, ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ನಾಲ್ಕೈದು ಸಲ ಆನ್ ಮಾಡಿ. ಪಂಪ್ ಪ್ರತಿ ಸಲ ಒಂದೆರಡು ಸೆಕೆಂಡ್ ಓಡಿ ಪ್ರೆಷರ್ ತುಂಬುತ್ತದೆ. ಟಿಶ್ಯೂನಲ್ಲಿ ಒಂದು ಒದ್ದೆ ಚುಕ್ಕೆ ಕಂಡರೂ ಆ ಜಾಯಿಂಟ್ ಬಿಚ್ಚಿ, ಹೊಸ ಆಲಿವ್ ಹಾಕಿ.